ಯಮಹಾ ಎಂಜಿ10ಎಕ್ಸ್‌ಯು ಮಿಕ್ಸರ್, ಎರಡು ಬ್ಯಾಟರಿ ಸ್ಪೀಕರ್: ನಾಲ್ಕು ವರ್ಷ ತಾಳಮದ್ದಳೆಗೆ ಬಳಸಿದ ಮೇಲೆ

ನಮ್ಮ ಕಡೆ ಮನೆಯಂಗಳದಲ್ಲಿ, ಭಜನಾ ಮಂದಿರದಲ್ಲಿ ನಡೆಯುವ ತಾಳಮದ್ದಳೆಗೆ (ವೇಷ, ಕುಣಿತವಿಲ್ಲದೆ ಹಾಡು-ಮಾತಿನಲ್ಲೇ ನಡೆಯುವ ಯಕ್ಷಗಾನ) ದೊಡ್ಡ ಮೈಕ್ ಸೆಟ್ ಬೇಕಾಗುವುದಿಲ್ಲ. ನೂರೈವತ್ತು ಜನ ಕೂತರೆ ಹೆಚ್ಚು. ನಾಲ್ಕು ಮೈಕ್, ಅವುಗಳ ಧ್ವನಿ ಕೂಡಿಸುವ ಒಂದು ಸಣ್ಣ ಮಿಕ್ಸರ್, ಕಾರಿನ ಡಿಕ್ಕಿಯಲ್ಲಿ ಹಿಡಿಸುವ ಎರಡು ಎಂಟು ಇಂಚಿನ ಬ್ಯಾಟರಿ ಸ್ಪೀಕರ್. ಈ ಸೆಟ್ಟನ್ನು ನಾಲ್ಕು ವರ್ಷದಿಂದ ನಾನೇ ಕಟ್ಟಿ, ನಾನೇ ಬಿಚ್ಚುತ್ತಿದ್ದೇನೆ. ಸ್ಪೀಕರ್‌ನಲ್ಲೇ ಎರಡು ಇನ್‌ಪುಟ್, ರಿವರ್ಬ್ (ಧ್ವನಿಗೆ ಅನುರಣನದ ಬಾಲ ಸೇರಿಸುವ ಎಫೆಕ್ಟ್), ಬ್ಲೂಟೂತ್ ಎಲ್ಲ ಇರುವಾಗ ಮಿಕ್ಸರ್ ಯಾಕೆ ಎಂದು ತುಂಬ ಜನ ಕೇಳುತ್ತಾರೆ. ಅದಕ್ಕೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಿಕ್ಸರ್ ತಂದ ಮೊದಲ ವಾರ ಒಂದು ಗೃಹಪ್ರವೇಶದ ಕೂಟ. ಮಿಕ್ಸರ್‌ನ ಔಟ್‌ಪುಟ್ಟನ್ನು ಸ್ಪೀಕರ್‌ಗೆ ಕೊಟ್ಟೆ. ಸ್ಪೀಕರ್‌ನ ರಿವರ್ಬ್ ಮೊದಲು ಹೇಗಿತ್ತೋ ಹಾಗೇ ಇತ್ತು, ಮಿಕ್ಸರ್‌ನಲ್ಲೂ ಹಾಲ್ ರಿವರ್ಬ್ ಹಾಕಿದೆ. ಹಾಡುವ ಭಾಗವತರು ಎರಡು ಪದ (ಹಾಡು) ಹೇಳಿ ನನ್ನನ್ನು ಹತ್ತಿರ ಕರೆದರು. “ಏನು ಮಾರಾಯಾ, ನಾನು ಬಾವಿಯೊಳಗೆ ಕೂತು ಹೇಳಿದ ಹಾಗೆ ಕೇಳ್ತದಲ್ಲ!” ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಮಾತಂತೂ ಹಿಂದಿನ ಸಾಲುಗಳಿಗೆ ಅರ್ಥವೇ ಆಗಲಿಲ್ಲ. ಒಂದು ಮಾತಿನ ಬಾಲ ಮುಗಿಯುವುದರೊಳಗೆ ಇನ್ನೊಂದು ಮಾತು ಬಂದು ಕಲಸಿಹೋಗುತ್ತಿತ್ತು.

ಆವತ್ತು ತಿಳಿದದ್ದು ಇಷ್ಟು. ಮಿಕ್ಸರ್‌ನಿಂದ ಬರುವುದು ಎಲ್ಲರ ಧ್ವನಿಯೂ ಸೇರಿದ ಒಂದೇ ಸಿಗ್ನಲ್. ಅದಕ್ಕೆ ಸ್ಪೀಕರ್ ರಿವರ್ಬ್ ಹಾಕಿದರೆ ಭಾಗವತರಿಗೂ ಬೀಳುತ್ತದೆ, ಮಾತಿಗೂ ಬೀಳುತ್ತದೆ, ಮದ್ದಳೆಗೂ ಬೀಳುತ್ತದೆ. ಮಿಕ್ಸರ್‌ನಲ್ಲಿ ಹಾಗಲ್ಲ. ಪ್ರತಿ ಚಾನೆಲ್‌ಗೂ ಒಂದೊಂದು ಎಫ್‌ಎಕ್ಸ್ (ಎಫೆಕ್ಟ್) ಗುಬ್ಬಿ, ಅಂದರೆ ನಾಬ್, ಉಂಟು. ಅದನ್ನು ತಿರುಗಿಸಿದಷ್ಟು ಆ ಚಾನೆಲ್‌ನ ಧ್ವನಿಯ ಒಂದು ಪಾಲು ಒಳಗಿನ ಎಫೆಕ್ಟ್‌ಗೆ ಹೋಗಿ, ಅಲ್ಲಿಂದ ತಿರುಗಿ ಮುಖ್ಯ ಔಟ್‌ಪುಟ್‌ಗೆ ಸೇರುತ್ತದೆ. ಈಗ ನನ್ನದು ಒಂದೇ ಕ್ರಮ: ಸ್ಪೀಕರ್‌ನ ರಿವರ್ಬ್ ಸೊನ್ನೆ. ಮಿಕ್ಸರ್‌ನಲ್ಲಿ ಭಾಗವತರ ಎಫ್‌ಎಕ್ಸ್ ಮಾತ್ರ ಗಡಿಯಾರದ ಹತ್ತು ಗಂಟೆಯಷ್ಟು, ಅರ್ಥಧಾರಿಗಳ ಎರಡು ಮೈಕ್‌ಗೂ ಪೂರ್ತಿ ಸೊನ್ನೆ.

ಎಫೆಕ್ಟ್ ಒಟ್ಟು 24 ಉಂಟು. ನಾಲ್ಕು ವರ್ಷದಲ್ಲಿ ನಾನು ಬಳಸಿದ್ದು ಮೂರು. ಹಾಲ್ ರಿವರ್ಬ್ ಸುಗಮ ಸಂಗೀತಕ್ಕೆ ಹಿತ, ತಾಳಮದ್ದಳೆಗೆ ಆಗುವುದಿಲ್ಲ. ಕಾರಣ ಜಾಗಟೆ. ಭಾಗವತರು ಜಾಗಟೆ ತಟ್ಟುವುದು ಅವರ ಮೈಕ್‌ನ ಬುಡದಲ್ಲೇ. ಪ್ರತಿ ಪೆಟ್ಟೂ ಅದೇ ಮೈಕ್‌ಗೆ ನುಗ್ಗಿ, ಅದೇ ರಿವರ್ಬ್‌ಗೆ ಹೋಗಿ ‘ಶ್ಶ್’ ಎಂದು ಹರಡಿಕೊಳ್ಳುತ್ತದೆ. ಪದದ ಸಾಹಿತ್ಯ ಅದರಡಿ ಮುಚ್ಚಿಹೋಗುತ್ತದೆ. ರೂಮ್ ರಿವರ್ಬ್ ಹಾಕಿ, ಪ್ಯಾರಾಮೀಟರ್ ಗುಬ್ಬಿಯಿಂದ ಬಾಲವನ್ನು ಗಿಡ್ಡ ಮಾಡಿದರೆ ಕಂಠಕ್ಕೆ ಒಂದಿಷ್ಟು ಮೈ ಬರುತ್ತದೆ, ಜಾಗಟೆ ಮಾತ್ರ ಚುರುಕಾಗಿಯೇ ಉಳಿಯುತ್ತದೆ. ಆ ಸೆಟ್ಟಿಂಗ್ ಸಿಕ್ಕಿದ ರಾತ್ರಿ ನನಗಾದ ಖುಷಿ ದೊಡ್ಡದು.

ಮದ್ದಳೆಯ ಮೈಕ್‌ಗೆ 80 ಹರ್ಟ್ಸ್‌ನ ಹೈಪಾಸ್ ಬಟನ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವುದು) ಒತ್ತುವುದಿಲ್ಲ, ಉಳಿದ ಮೂರಕ್ಕೂ ಒತ್ತುತ್ತೇನೆ. ಮರದ ಜಗಲಿಯ ಮೇಲೆ ಕಾಲು ಇಟ್ಟರೆ ಬರುವ ಗುಡುಗುಡು ಅದರಿಂದ ನಿಲ್ಲುತ್ತದೆ. ಒಂದು ಮತ್ತು ಎರಡನೇ ಚಾನೆಲ್‌ಗೆ ಕಂಪ್ರೆಸರ್ (ಜೋರಾದ ಧ್ವನಿಯನ್ನು ತಾನಾಗಿಯೇ ತಗ್ಗಿಸುವುದು) ಇರುವುದರಿಂದ ಅರ್ಥಧಾರಿಗಳ ಮೈಕ್ ಅಲ್ಲಿಗೇ. ವೀರಾವೇಶದ ಮಾತಿನಲ್ಲಿ ಧ್ವನಿ ಒಮ್ಮೆಲೇ ಏರುತ್ತದಲ್ಲ, ಸ್ವಲ್ಪ ಕಂಪ್ರೆಸರ್ ಇದ್ದರೆ ಮುಂದಿನ ಸಾಲಿನ ಅಜ್ಜಂದಿರು ಬೆಚ್ಚುವುದಿಲ್ಲ.

ವಯರಿಂಗ್ ವಿಷಯದಲ್ಲಿ ಮೊದಲು ಹೇಳಬೇಕಾದ್ದು ಸ್ಪೀಕರ್‌ನ ಮೈಕ್/ಲೈನ್ ಸ್ವಿಚ್. ಮೈಕ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಮಿಕ್ಸರ್‌ನಿಂದ ಹೊರಡುವುದು ಸುಮಾರು ಒಂದು ವೋಲ್ಟ್‌ನ ಆಸುಪಾಸಿನ ಸಿಗ್ನಲ್. ಸ್ವಿಚ್ ‘ಮೈಕ್’ನಲ್ಲಿ ಇದ್ದರೆ ಧ್ವನಿ ಒಡೆದು ಹರಿದುಹೋಗುತ್ತದೆ. ಆಗ ಜನ ಮಿಕ್ಸರ್‌ನಲ್ಲಿ ತಗ್ಗಿಸುತ್ತಾರೆ, ತಗ್ಗಿಸಿದ ಮೇಲೆ ಗುಂಯ್ ಸದ್ದು ಎದ್ದು ಕೇಳುತ್ತದೆ. ‘ಲೈನ್’ಗೆ ಹಾಕಿ, ಸ್ಪೀಕರ್‌ನ ವಾಲ್ಯೂಮ್ ಅರ್ಧಕ್ಕೆ ಇಟ್ಟು, ಉಳಿದ ಏರಿಳಿತ ಮಿಕ್ಸರ್‌ನಲ್ಲೇ ಮಾಡಿ.

ಎರಡನೇ ಪಾಠ ಶಾಲಾ ವಾರ್ಷಿಕೋತ್ಸವದಲ್ಲಿ. ಮಕ್ಕಳ ನೃತ್ಯದ ಹಾಡು ಫೋನಿನಿಂದ ಬರಬೇಕಿತ್ತು. ನನ್ನ ಕೈಯಲ್ಲಿದ್ದದ್ದು ಎರಡು ತುದಿಗೂ ಸ್ಟೀರಿಯೊ ಪಿನ್ ಇದ್ದ ವಯರ್. ಅದನ್ನು ಒಂದು ಮೈಕ್ ಚಾನೆಲ್‌ನ ಜಾಕ್‌ಗೇ ಚುಚ್ಚಿದೆ. ತಬಲಾ ಬರುತ್ತದೆ, ಕೊಳಲು ಬರುತ್ತದೆ, ಆದರೆ ಮುಖ್ಯ ಕಂಠವೇ ಇಲ್ಲ. ಟೀಚರ್ ಓಡಿಬಂದು, “ಹಾಡು ಉಂಟು, ಹಾಡುವವರೇ ಇಲ್ಲವಲ್ಲ ಅಣ್ಣ!” ಎಂದರು. ವೇದಿಕೆಯಲ್ಲಿ ಹನ್ನೆರಡು ಮಕ್ಕಳು ಕೈ ಎತ್ತಿಕೊಂಡು ನಿಂತಿದ್ದರು. ಆ ಜಾಕ್ ಬ್ಯಾಲೆನ್ಸ್ಡ್. ಪಿನ್ನಿನ ತುದಿಗೂ ಉಂಗುರಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಅದು ತೆಗೆದುಕೊಳ್ಳುತ್ತದೆ. ಎಡಕ್ಕೂ ಬಲಕ್ಕೂ ಸಮನಾಗಿ ಇರುವುದು ಕಳೆದುಹೋಗುತ್ತದೆ, ಹಾಡಿನಲ್ಲಿ ಹಾಗೆ ನಡುವೆ ಇರುವುದು ಕಂಠವೇ. ಫೋನಿನ ಪಿನ್ನಿನಿಂದ ಎರಡಾಗಿ ಕವಲೊಡೆಯುವ ವಯರ್ ತಂದು, ಸ್ಟೀರಿಯೊ ಚಾನೆಲ್‌ನ ಎಡ-ಬಲ ಎರಡಕ್ಕೂ ಹಾಕಬೇಕು. ಅಂಥ ವಯರ್ ಈಗ ನನ್ನ ಪೆಟ್ಟಿಗೆಯಲ್ಲಿ ಎರಡು ಇವೆ.

ಬ್ಲೂಟೂತ್ ಶ್ರುತಿಗೆ ಸಾಕು. ತಂಬೂರ ಆ್ಯಪ್ ಸ್ವಲ್ಪ ತಡವಾಗಿ ಬಂದರೆ ಯಾರಿಗೂ ತೊಂದರೆಯಿಲ್ಲ. ಆದರೆ ಎರಡನೇ ಸ್ಪೀಕರನ್ನು ಊಟದ ಚಪ್ಪರಕ್ಕೆ ಇಡಬೇಕಾದಾಗ ವಯರ್ ಎಳೆಯುವ ಕಷ್ಟ ತಪ್ಪಿಸಲು ಮಿಕ್ಸರ್‌ಗೆ ಬ್ಲೂಟೂತ್ ಟ್ರಾನ್ಸ್‌ಮಿಟರ್ ಹಾಕಿ ನೋಡಿದೆ. ಭಾಗವತರ ಪದ ಎರಡೆರಡು ಸಲ ಕೇಳತೊಡಗಿತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸೆಕೆಂಡಿನ ಹತ್ತನೇ ಒಂದು ಪಾಲು ತಡವೆಂದರೆ ಆ ಸ್ಪೀಕರ್ 34 ಮೀಟರ್ ಆಚೆಗೆ ಸರಿದ ಹಾಗೆ. ತಾಳ ಹಿಡಿಯುವವರಿಗೆ ಅದು ಹಿಂಸೆ. ಇಪ್ಪತ್ತು ಮೀಟರ್‌ನ ಎಕ್ಸ್‌ಎಲ್‌ಆರ್ (ಮೈಕ್‌ಗೆ ಬಳಸುವ ಮೂರು ಪಿನ್ನಿನ) ವಯರ್ ಕೊಂಡೆ, ವಿಷಯ ಮುಗಿಯಿತು.

ಇನ್ನು ಮಿಕ್ಸರ್‌ನ ಮಿತಿಗಳು. ಇದರಲ್ಲಿ ಸೆಂಡ್ (ಚಾನೆಲ್‌ಗಳ ಧ್ವನಿಯ ಒಂದು ಪಾಲನ್ನು ಬೇರೆ ಕಡೆಗೆ ಕಳಿಸುವ ದಾರಿ) ಒಂದೇ. ಎಫೆಕ್ಟ್‌ಗೆ ಹೋಗುವ ದಾರಿಯೂ ಹೊರಗಿನ ಜಾಕ್‌ಗೆ ಹೋಗುವ ದಾರಿಯೂ ಅದೇ. ಭಾಗವತರಿಗೆ ಶ್ರುತಿ ಜೋರಾಗಿ, ಮಾತು ಕಮ್ಮಿಯಾಗಿ ಕೇಳುವ ಬೇರೆಯದೇ ಮಾನಿಟರ್ (ಹಾಡುವವರಿಗೇ ಕೇಳಲು ಇಡುವ ಸ್ಪೀಕರ್) ಬೇಕೆಂದರೆ ರಿವರ್ಬ್ ಬಿಡಬೇಕಾಗುತ್ತದೆ. ನಾನು ಶ್ರುತಿಪೆಟ್ಟಿಗೆಯನ್ನೇ ಅವರ ಪಕ್ಕಕ್ಕೆ ಸರಿಸಿ ಸುಧಾರಿಸುತ್ತೇನೆ. ಎರಡೂ ಬೇಕಾದವರು ಎರಡು ಸೆಂಡ್ ಇರುವ ಎಂಜಿ12ಎಕ್ಸ್‌ಯು ನೋಡಿ.

ಇನ್ನೊಂದು, ಇದು ಅಡಾಪ್ಟರ್‌ನಲ್ಲಿ ಓಡುವ ಮಿಕ್ಸರ್. ಸ್ಪೀಕರ್‌ಗೆ ಬ್ಯಾಟರಿ ಇದ್ದು ಏನು ಬಂತು, ಕರೆಂಟ್ ಹೋದರೆ ಮಿಕ್ಸರ್ ಸತ್ತು ಎಲ್ಲವೂ ಮೌನ. ನಮ್ಮ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಕಂಪ್ಯೂಟರ್‌ಗೆ ಬಳಸುವ ಸಣ್ಣ ಯುಪಿಎಸ್ ಒಂದನ್ನು ಜೊತೆಗೆ ಒಯ್ಯುತ್ತೇನೆ. ಇಷ್ಟು ಕಡಿಮೆ ಹೊರೆಗೆ ಅದು ಜನರೇಟರ್ ಬರುವ ತನಕ ಆರಾಮವಾಗಿ ಹಿಡಿದುಕೊಳ್ಳುತ್ತದೆ.

ಯುಎಸ್‌ಬಿಯಿಂದ ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡಬಹುದು, ಧ್ವನಿ ಬಹಳ ಸ್ವಚ್ಛ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತಿಡಿ, ಇಲ್ಲವಾದರೆ ಗುಂಯ್ ಸೇರಬಹುದು. ಆದರೆ ಸ್ಪೀಕರ್‌ಗೆ ಹೋಗುವ ಮಿಶ್ರಣವೇ ಅಲ್ಲಿಗೂ ಹೋಗುವುದು. ಸಣ್ಣ ಅಂಗಳದಲ್ಲಿ ಚೆಂಡೆಗೆ ನಾನು ಮೈಕ್ ಇಡುವುದಿಲ್ಲ. ಹಾಗಾಗಿ ನನ್ನ ಮೊದಲ ಆರು ರೆಕಾರ್ಡಿಂಗ್‌ಗಳಲ್ಲಿ ಚೆಂಡೆ ಎಲ್ಲೋ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗಿದೆ. ಈಗ ಮೂರನೇ ಸಾಲಿನ ಕುರ್ಚಿಯ ಮೇಲೆ ಇನ್ನೊಂದು ಫೋನ್ ಇಟ್ಟು ಅದರಲ್ಲೂ ರೆಕಾರ್ಡ್ ಮಾಡುತ್ತೇನೆ. ಮನೆಗೆ ಬಂದು ಎರಡನ್ನೂ ಕೂಡಿಸುವಾಗ ಮೊದಲ ಪದಕ್ಕೆ ಮುಂಚಿನ ಜಾಗಟೆ ಪೆಟ್ಟನ್ನು ಎರಡರಲ್ಲೂ ಹುಡುಕಿ, ಒಂದರ ಕೆಳಗೆ ಒಂದು ಹೊಂದಿಸಿದರೆ ಆಯಿತು.