ಸೀಟು ಹಿಂದಕ್ಕೆ ಹೋಗುತ್ತೆ, ಮುಂದಕ್ಕೆ ಬರಲ್ಲ: ಜೆ.ಸಿ. ರೋಡಿನ ಒಂದು ಪುಟ್ಟ ಅಂಗಡಿ

ನನ್ನ ಎತ್ತರ 4 ಅಡಿ 11 ಇಂಚು. ಮಗ 6 ಅಡಿ. ಇಬ್ಬರಿಗೂ ಒಂದೇ ಕಾರು. ಅದಕ್ಕೇ ಕಾರು ತೆಗೆದುಕೊಳ್ಳುವಾಗ ಪವರ್ ಸೀಟ್ ಬೇಕೇ ಬೇಕು ಅಂತ ಹಟ ಹಿಡಿದಿದ್ದೆ. ಅವನು ಇಳಿದ ಮೇಲೆ ನಾನು ಹತ್ತಿ ಒಂದು ಗುಂಡಿ ಒತ್ತಿದರೆ ಸೀಟು ಗುಂಯ್ ಅಂತ ಮುಂದೆ ಬರುತ್ತಿತ್ತು. ಐದು ವರ್ಷ ಆರಾಮಾಗಿ ನಡೆಯಿತು.

ಒಂದು ಬೆಳಿಗ್ಗೆ ಗುಂಡಿ ಒತ್ತಿದೆ, ಸೀಟು ಅಲ್ಲಾಡಲಿಲ್ಲ. ಹಿಂದಕ್ಕೆ ಒತ್ತಿ ನೋಡಿದೆ, ಇನ್ನೊಂದು ಇಂಚು ಹಿಂದೆ ಹೋಯಿತು. ಅಲ್ಲಿಗೆ ಮುಗಿಯಿತು. ಬ್ರೇಕಿಗೆ ಕಾಲಿನ ಹೆಬ್ಬೆರಳು ಮಾತ್ರ ಮುಟ್ಟುತ್ತಿತ್ತು. ಎರಡು ದಿನ ಬೆನ್ನ ಹಿಂದೆ ದಿಂಬು ಇಟ್ಟುಕೊಂಡು ಜಯನಗರಕ್ಕೆ ಹೋಗಿ ಬಂದೆ. ತಪ್ಪು, ಗೊತ್ತು. ಸಿಗ್ನಲ್ಲಿನಲ್ಲಿ ದಿಂಬು ಜಾರಿ ಎದೆ ಧಸಕ್ ಅಂದ ಮೇಲೆ ಕೀಲಿಯನ್ನು ಮಗನ ಕೈಗೆ ಕೊಟ್ಟೆ.

ಮೊದಲು ಹೋಗಿದ್ದು ಎಸಿ ಹಾಕಿ ಕಾಫಿ ಕೊಡುವ ಒಂದು ಸರ್ವಿಸ್ ಸೆಂಟರಿಗೆ. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಚುಚ್ಚಿದರು. ಏನೂ ತೋರಿಸಲಿಲ್ಲ. ನಮ್ಮ ಕಾರಿನ ಸೀಟಿಗೆ ಯಾರು ಎಲ್ಲಿಗೆ ಸರಿಸಿದ್ದರು ಅಂತ ನೆನಪಿಟ್ಟುಕೊಳ್ಳುವ ಮೆಮೊರಿ ಗಿಮೊರಿ ಏನಿಲ್ಲ, ಸ್ವಿಚ್ಚಿನಿಂದ ನೇರ ಮೋಟಾರಿಗೆ ವೈರು. ಕಂಪ್ಯೂಟರಿಗೆ ಅದರ ಸಂಬಂಧವೇ ಇಲ್ಲದ ಮೇಲೆ ಸ್ಕ್ಯಾನರ್ ಏನು ತೋರಿಸಬೇಕು? ಇದು ನನಗೆ ಆಮೇಲೆ ಗೊತ್ತಾದದ್ದು. ಅವತ್ತು ಸುಮ್ನೆ ತಲೆಯಾಡಿಸಿದೆ. "ಸ್ವಿಚ್ ಸೆಟ್ ಪೂರ್ತಿ ಹಾಕಬೇಕು ಮೇಡಂ, ಮೋಟಾರೂ ಹೋಗಿರಬಹುದು" ಅಂದು 18,500 ರೂಪಾಯಿಯ ಎಸ್ಟಿಮೇಟ್ ಕೊಟ್ಟರು. ಸಾಮಾನು ಬರಲು ಮೂರು ವಾರ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತು ಬಂದವಳು ನಾನು. 'ಹೋಗಿರಬಹುದು' ಅನ್ನೋ ಮಾತಿಗೆ ದುಡ್ಡು ಕೊಡೋದು ನನಗೆ ಆಗಲ್ಲ.

ಪಕ್ಕದ ಮನೆಯವರು ಹೇಳಿದ ಅಂಗಡಿ ಇರೋದು ಜೆ.ಸಿ. ರೋಡಿನ ಒಂದು ಅಡ್ಡಗಲ್ಲಿಯಲ್ಲಿ, ಮಿನರ್ವ ಸರ್ಕಲ್‌ಗೂ ಟೌನ್ ಹಾಲ್‌ಗೂ ನಡುವೆ. ಬೋರ್ಡಿನಲ್ಲಿ ಹೆಸರು ಮಾಸಿ ಹೋಗಿದೆ, 'ಆಟೋ ಎಲೆಕ್ಟ್ರಿಕಲ್' ಅಂತ ಮಾತ್ರ ಓದಬಹುದು. ಒಂದು ಕಾರು ನಿಂತರೆ ಅಂಗಡಿ ತುಂಬಿತು. ಮಾಲೀಕರಿಗೆ ಐವತ್ತರ ಮೇಲಿರಬಹುದು. ಹುಡುಗರೆಲ್ಲ ಚಾಚಾ ಅಂತಾರೆ.

ಸ್ಪ್ಯಾನರ್ ಮುಟ್ಟುವ ಮೊದಲು ಅವರು ಕೇಳಿದ್ದು ನಾಲ್ಕು ಪ್ರಶ್ನೆ.

"ಹಿಂದಕ್ಕೆ ಹೋಗ್ತದಾ ಅಮ್ಮಾ?"

"ಹೋಗ್ತದೆ ಭಾಯ್, ಮುಂದಕ್ಕೆ ಮಾತ್ರ ಬರಲ್ಲ."

"ಮೇಲೆ ಕೆಳಗೆ? ಬೆನ್ನು ಒರಗೋದು?"

"ಅದೆಲ್ಲ ಸರಿ ಇದೆ."

"ಮುಂದಕ್ಕೆ ಒತ್ತಿದ್ರೆ ಒಳಗೆ ಸದ್ದು?"

"ಏನೂ ಇಲ್ಲ."

"ಏನಾದ್ರೂ ಚೆಲ್ಲಿದ್ರಾ?"

ನಾನು ಮಗನ ಮುಖ ನೋಡಿದೆ. ಮಗ ರಸ್ತೆ ನೋಡಿದ. ದೀಪಾವಳಿ ಹೊತ್ತಿಗೆ ಕಿಟಕಿಯಿಂದ ಎಳನೀರು ಇಸಕೊಳ್ಳುವಾಗ ಅರ್ಧ ಬುರುಡೆ ಸೀಟಿಗೂ ಬಾಗಿಲಿಗೂ ನಡುವೆ ಸುರಿದಿದ್ದ. ಸ್ವಿಚ್ ಇರೋದೂ ಅಲ್ಲೇ.

"ಮೋಟಾರ್ ಸರಿ ಇದೆ" ಅಂದರು, ಕಾರಿನ ಬಾಗಿಲು ಇನ್ನೂ ತೆಗೆದಿರಲಿಲ್ಲ. ಮುಂದಕ್ಕೂ ಹಿಂದಕ್ಕೂ ಓಡಿಸೋದು ಒಂದೇ ಮೋಟಾರ್, ಅವೇ ಎರಡು ವೈರು. ಸ್ವಿಚ್ಚು ಪ್ಲಸ್ ಮೈನಸ್ ಅದಲು ಬದಲು ಮಾಡುತ್ತದೆ, ಅಷ್ಟೇ. ಒಂದು ಕಡೆ ಓಡಿತು ಅಂದರೆ ಫ್ಯೂಸು, ಮೋಟಾರು, ಆ ಎರಡು ವೈರು ಎಲ್ಲ ಪಾಸ್. ಉಳಿದದ್ದು ಸ್ವಿಚ್ಚು. ಇಲ್ಲವೇ ಸೀಟು ಜಾರುವ ಹಳಿಯಲ್ಲಿ ಏನಾದರೂ ಸಿಕ್ಕಿಕೊಂಡಿರಬೇಕು.

ಹಳಿಯ ಅನುಮಾನ ಅಲ್ಲೇ ತೀರಿಸಿದರು. ಸೀಟಿನ ಕೆಳಗೆ ಮೋಟಾರಿನ ಪ್ಲಗ್ ಕಿತ್ತು, ಬ್ಯಾಟರಿಯಿಂದ ಎರಡು ವೈರು ಎಳೆದು, ನಡುವೆ ಒಂದು ಫ್ಯೂಸ್ ಕಟ್ಟಿ ಮುಟ್ಟಿಸಿದರು. ಸೀಟು ಸರಾಗವಾಗಿ ಮುಂದೆ ಬಂತು. ನನಗೆ ಅಲ್ಲೇ ಹತ್ತಿ ಮನೆಗೆ ಹೊರಡೋಣ ಅನ್ನಿಸಿತು.

ಸ್ವಿಚ್ಚಿಗೆ ಹಾಕಿದ ಪರೀಕ್ಷೆ ಇನ್ನೂ ಚೆನ್ನಾಗಿತ್ತು. ಮೋಟಾರಿನ ಪ್ಲಗ್ಗಿಗೆ ಮೀಟರ್ ಹಿಡಿದು ಮುಂದಕ್ಕೆ ಒತ್ತಿದರು: 12.3 ವೋಲ್ಟ್. "ಬರ್ತಾ ಇದೆಯಲ್ಲ ಕರೆಂಟು!" ಅಂದ ನನ್ನ ಇಂಜಿನಿಯರ್ ಮಗ. ಚಾಚಾ ಮೀಟರ್ ಪಕ್ಕಕ್ಕಿಟ್ಟು ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದ ಒಂದು ಸಾಧನ ತೆಗೆದರು. ಹಿಂದಕ್ಕೆ ಒತ್ತಿದಾಗ ಬಲ್ಬು ಝಗ್ಗನೆ ಉರಿಯಿತು. ಮುಂದಕ್ಕೆ ಒತ್ತಿದಾಗ ಮಿಣುಕು ಮಿಣುಕು, ಎಣ್ಣೆ ತೀರಿದ ದೀಪದ ಹಾಗೆ. ಮೀಟರ್ ಕರೆಂಟನ್ನು ಎಳೆಯೋದೇ ಇಲ್ಲ ಅನ್ನಬಹುದು, ಅದಕ್ಕೆ ಕೂದಲೆಳೆಯಷ್ಟು ಸಂಪರ್ಕ ಇದ್ದರೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಬಲ್ಬು ಎಳೆಯುತ್ತದೆ, ಆಗ ನಿಜ ಹೊರಗೆ ಬರುತ್ತದೆ. ಮಗ ಆಮೇಲೆ ಮಾತಾಡಲಿಲ್ಲ.

ಸೀಟಿನ ಪಕ್ಕದ ಪ್ಲಾಸ್ಟಿಕ್ ಬಿಚ್ಚಿ ಸ್ವಿಚ್ ಹೊರಗೆ ತಂದರು. ಅದಕ್ಕೆ ಮೊದಲು ಬ್ಯಾಟರಿಯ ಮೈನಸ್ ತೆಗೆದು ಒಂದು ಟೀ ಕುಡಿಯುವಷ್ಟು ಹೊತ್ತು ಕಾದರು. ಹುಡುಗ ಕೆಳಗಿನ ಹಳದಿ ಪ್ಲಗ್ಗಿಗೆ ಕೈ ಹಾಕಿದ್ದಕ್ಕೆ ಬೈದರು. ಅದು ಏರ್‌ಬ್ಯಾಗಿನದು. ಸ್ವಿಚ್ ತೆರೆದರೆ ಒಳಗೆ ತಾಮ್ರದ ಪುಟ್ಟ ಪಟ್ಟಿಗಳು. ಒಂದರ ತುದಿ ಕಪ್ಪಗೆ ಸೀದು ಹೋಗಿತ್ತು, ಸುತ್ತ ಗ್ರೀಸೂ ಎಳನೀರೂ ಸೇರಿ ಹಳೇ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಬ್ರಷ್ ಹಾಕಿದರು. ಕಪ್ಪು ತುದಿಗೆ ಮಾತ್ರ ತುಂಬಾ ನುಣುಪಿನ ಸ್ಯಾಂಡ್ ಪೇಪರ್, ಉಳಿದವಕ್ಕೆ ಪೆನ್ಸಿಲ್ ರಬ್ಬರು. ಜಾಸ್ತಿ ಉಜ್ಜಿದರೆ ಮೇಲಿನ ಲೇಪ ಹೋಗಿ ಬೇಗ ಮತ್ತೆ ಕಪ್ಪಾಗುತ್ತದಂತೆ. ಹೊಸ ಗ್ರೀಸ್ ಸವರಿ ಮುಚ್ಚಿದರು.

900 ರೂಪಾಯಿ. "ಗ್ಯಾರಂಟಿ ಕೊಡಲ್ಲ ಅಮ್ಮಾ. ಒಂದು ತುದಿ ಸುಟ್ಟಿದೆ. ಮತ್ತೆ ನಿಂತ್ರೆ ಸ್ವಿಚ್ ಮಾತ್ರ ಹಾಕಿಸಿ, ಮೋಟಾರ್ ಹಾಕಿಸ್ಬೇಡಿ." ನಾಲ್ಕು ತಿಂಗಳಾಯಿತು, ನಿಂತಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಯಾಕೆ ಅಂದರೆ, ಅರ್ಧ ಗಂಟೆ ಅಂದವರು ಮೂರು ಗಂಟೆ ಕೂರಿಸಿದರು. ನಡುವೆ ಇನ್ನೊಬ್ಬರ ಹಾರ್ನ್, ಮತ್ತೊಬ್ಬರ ಸ್ಟಾರ್ಟರ್. ಕೂರೋಕೆ ಒಂದು ಹಳೇ ಟೈರು. ಪ್ಲಾಸ್ಟಿಕ್ಕಿನ ಒಂದು ಕ್ಲಿಪ್ ಮುರಿಯಿತು, ಅದನ್ನು ನಾನೇ ನೋಡಿ ಕೇಳಬೇಕಾಯಿತು. ಕೇಳಿದ ಮೇಲೆ ಡಬ್ಬಿಯಲ್ಲಿ ಹುಡುಕಿ ಹಾಕಿದರು, ಬಣ್ಣ ಬೇರೆ. ಹುಡುಗನ ಕೈಮಸಿ ಕ್ರೀಮ್ ಬಣ್ಣದ ಸೀಟಿನ ಮೇಲೆ ಈಗಲೂ ಇದೆ.

ಹೋಗುವವರು ಬೆಳಿಗ್ಗೆ ಹತ್ತಕ್ಕೇ ಹೋಗಿ, ಆಮೇಲೆ ಕಾರು ನಿಲ್ಲಿಸಲು ಜಾಗ ಸಿಗಲ್ಲ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಬಿಲ್ ಕೇಳಿದರೆ ಚೀಟಿಯಲ್ಲಿ 'ಸೀಟ್ ಸ್ವಿಚ್ ಸರ್ವಿಸ್' ಅಂತ ಬರೆದು ಕೊಡುತ್ತಾರೆ. ನನ್ನ ಚೀಟಿಯ ಕೆಳಗೆ ಇನ್ನೊಂದು ಸಾಲೂ ಇತ್ತು: 'ಎಳನೀರು ಹೊರಗೆ ಕುಡಿಯಿರಿ.'