ನಾಲ್ಕು ಲಾಂಜ್, ನಾಲ್ಕು ತಟ್ಟೆ ಬೇಳೆ

ನಮ್ಮ ಮನೆಯಲ್ಲಿ ಯಾರು ಎಲ್ಲಿ ಉಂಡು ಬಂದರೂ ಅಪ್ಪಾಜಿ ಕೇಳುವ ಮೊದಲ ಮಾತು ಒಂದೇ. "ಬ್ಯಾಳಿ ಹ್ಯಾಂಗಿತ್ತು?" ಮದುವೆ ಊಟಕ್ಕೂ ಅದೇ ಪ್ರಶ್ನೆ, ವಿಮಾನ ನಿಲ್ದಾಣದ ಊಟಕ್ಕೂ ಅದೇ ಪ್ರಶ್ನೆ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಜೀವಮಾನವಿಡೀ ತೊಗರಿ ತೂಗಿದವರು ಅವರು. ಈಗ ಆ ವ್ಯಾಪಾರ ನನ್ನ ಕೈಗೆ ಬಂದಿದೆ. ಹಾಗಾಗಿ ನಾನು ಉಂಡ ನಾಲ್ಕು ಲಾಂಜುಗಳನ್ನು, ಅಂದರೆ ವಿಮಾನ ನಿಲ್ದಾಣದಲ್ಲಿ ವಿಮಾನಕ್ಕೆ ಕಾಯುವವರು ಕೂತು ಉಣ್ಣುವ ಕೋಣೆಗಳನ್ನು, ಬೇಳೆಯಿಂದಲೇ ಅಳೆಯುತ್ತೇನೆ. ಸೋಫಾ ಎಷ್ಟು ಮೆತ್ತಗಿತ್ತು, ವೈಫೈ ಎಷ್ಟು ಜೋರಿತ್ತು ಅನ್ನೋದು ಇಲ್ಲಿ ಬರುವುದಿಲ್ಲ.

ತೊಗರಿ ಕಣಜದವರು ತೊಗರಿಗೆ ಅಂತ ಆಫ್ರಿಕಕ್ಕೆ ಯಾಕೆ ಹೋಗಬೇಕು ಅಂತ ಊರಲ್ಲೇ ಬಹಳ ಜನ ಕೇಳುತ್ತಾರೆ. ಮಳೆ ಕೈಕೊಟ್ಟ ವರ್ಷ, ಗಿಡ ಒಣಗಿಸುವ ನೆಟೆ ರೋಗ ಬಿದ್ದ ವರ್ಷ ನಮ್ಮ ಹೊಲದ ಮಾಲು ಮಿಲ್ಲುಗಳಿಗೆ ಸಾಲುವುದಿಲ್ಲ. ಆಗ ಟಾಂಜಾನಿಯಾ, ಮೊಜಾಂಬಿಕ್ ಕಡೆಯ ತೊಗರಿ ಬೇಕಾಗುತ್ತದೆ. 2016ರಲ್ಲಿ ಭಾರತ ಸರ್ಕಾರವೇ ಮೊಜಾಂಬಿಕ್ ಜತೆ ತೊಗರಿ ಆಮದಿನ ಒಪ್ಪಂದ ಮಾಡಿಕೊಂಡಿತು. ಅಲ್ಲಿಂದೀಚೆಗೆ ನಮ್ಮಂಥವರ ಓಡಾಟ ಜಾಸ್ತಿಯಾಗಿದೆ. ಜತೆಗೆ ಗಂಜಿನ ನನ್ನ ದೋಸ್ತ ಇರುತ್ತಾನೆ. ನಾನು ಮಾಂಸ ತಿನ್ನುವುದಿಲ್ಲ. ಕೋಳಿ, ಕುರಿಯ ತೀರ್ಪು ಏನಿದ್ದರೂ ಅವನದು.

ಇನ್ನೊಂದು ಮಾತು ಮೊದಲೇ ಹೇಳಬೇಕು. ನಮ್ಮ ಕಡೆಯವರಿಗೆ ಲಾಂಜ್ ಊಟ ಶೋಕಿಯಲ್ಲ. ನಮ್ಮೂರಿನ ವಿಮಾನ ನಿಲ್ದಾಣ 2019ರ ನವೆಂಬರ್ 22ಕ್ಕೆ ಶುರುವಾಯಿತು. ಅದರಿಂದ ಆಗ ದೊಡ್ಡ ಅನುಕೂಲವೇ ಆಯಿತು. ಆದರೆ ಹೊರದೇಶಕ್ಕೆ ಹೋಗುವವರು ಈಗಲೂ ಹೈದರಾಬಾದಿಗೋ ಮುಂಬೈಗೋ ಬೆಂಗಳೂರಿಗೋ ಹೋಗಿ ಹತ್ತಬೇಕು. ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದಿಗೆ ಕಾರಿನಲ್ಲಿ ನಾಲ್ಕೈದು ತಾಸು. ವಿಮಾನಕ್ಕೆ ಮೂರು ತಾಸು ಮೊದಲೇ ಅಲ್ಲಿರಬೇಕು. ಸಂಜೆ ಚಹಾ ಕುಡಿದು ಮನೆ ಬಿಟ್ಟವರು ನಡುರಾತ್ರಿ ಒಳಗೆ ಹೋಗುವಾಗ ಹೊಟ್ಟೆ ಖಾಲಿ. ಆ ಹೊತ್ತಿನಲ್ಲಿ ಲಾಂಜಿನ ತಟ್ಟೆಯೇ ನಮ್ಮ ರಾತ್ರಿ ಊಟ. ಅದಕ್ಕೇ ಅದು ಹೇಗಿದೆ ಅನ್ನೋದು ನನಗೆ ಮುಖ್ಯ.

ಮೊದಲು ಒಂದು ಕಾರ್ಡ್ ಲಾಂಜ್. ದೇಶದೊಳಗಿನ ದೊಡ್ಡ ನಿಲ್ದಾಣವೊಂದರಲ್ಲಿ, ಬ್ಯಾಂಕ್ ಕಾರ್ಡ್ ಉಜ್ಜಿದರೆ ಒಳಗೆ ಬಿಡುವಂಥದ್ದು. ನನ್ನ ಕಾರ್ಡಿಗೆ ಎರಡು ರೂಪಾಯಿ ಹಿಡಿದರು. ಹೊರಗೆ ಉದ್ದ ಸಾಲು, ಒಳಗೆ ತಟ್ಟೆ ಇಡಲು ಜಾಗವಿಲ್ಲ. ಮುಚ್ಚಳದ ಸ್ಟೀಲ್ ಪಾತ್ರೆಗಳು ಹದಿನಾಲ್ಕೋ ಹದಿನೈದೋ ಇದ್ದವು. ಬೇಳೆಯ ಮುಚ್ಚಳ ತೆಗೆದರೆ ಮೇಲೆ ಕೆನೆ ಕಟ್ಟಿತ್ತು. ಸೌಟು ಹಾಕಿದರೆ ಕೆಳಗೆ ಗಟ್ಟಿ, ಮೇಲೆ ನೀರು. ಯಾರೋ ಆಗಷ್ಟೇ ಬಿಸಿನೀರು ಸುರಿದು ತೆಳ್ಳಗೆ ಮಾಡಿದ್ದರು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಬಾಯಿಗಿಟ್ಟರೆ ತೊಗರಿಗಿಂತ ಮಸೂರಿ ಬೇಳೆಯ ರುಚಿಯೇ ಮುಂದಿತ್ತು. ಒಗ್ಗರಣೆಯ ವಾಸನೆ ಪೂರ್ತಿ ಹೋಗಿತ್ತು.

ಇದರಲ್ಲಿ ಅಡುಗೆಯವನ ತಪ್ಪು ಕಡಿಮೆ ಅಂತ ನನ್ನ ಅನಿಸಿಕೆ. ಬಿಸಿ ಊಟ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಅನ್ನೋದು ಆಹಾರ ಸುರಕ್ಷತೆಯ ನಿಯಮ. ಅದು ಸರಿಯಾದ ನಿಯಮವೇ. ಆದರೆ ಬೇಳೆಯನ್ನು ಮೂರು ನಾಲ್ಕು ತಾಸು ಅದೇ ಬಿಸಿಯಲ್ಲಿ ಇಟ್ಟರೆ ನೀರು ಆರುತ್ತಾ ಹೋಗುತ್ತದೆ, ಉಪ್ಪು ಮೇಲೆ ಬರುತ್ತದೆ, ಬೆಳ್ಳುಳ್ಳಿ ಜೀರಿಗೆಯ ಘಮ ಹಾರಿಹೋಗುತ್ತದೆ. ಒಂದೇ ಸಲ ದೊಡ್ಡ ಪಾತ್ರೆ ತುಂಬಿಸಿಡುವ ಬದಲು ಸಣ್ಣ ಪಾತ್ರೆಯಲ್ಲಿ ಮುಕ್ಕಾಲು ತಾಸಿಗೊಮ್ಮೆ ಹೊಸದು ತಂದಿಟ್ಟರೆ ಅದೇ ಬೇಳೆ ಬೇರೆ ಆಗುತ್ತದೆ. ಅದಕ್ಕೆ ಕೈ ಬೇಕು, ಖರ್ಚು ಬೇಕು. ಕಾರ್ಡ್ ಲಾಂಜಿಗೆ ನಮ್ಮ ಎರಡು ರೂಪಾಯಿಯಿಂದ ಏನೂ ಆಗುವುದಿಲ್ಲ. ತಲೆಗೆ ಇಷ್ಟು ಅಂತ ಬ್ಯಾಂಕಿನ ಕಡೆಯಿಂದ ದುಡ್ಡು ಬರುತ್ತದೆ. ತಲೆ ಜಾಸ್ತಿಯಾದಷ್ಟೂ ತಟ್ಟೆಯ ಮೇಲಿನ ಗಮನ ಕಡಿಮೆ.

ಅಲ್ಲಿನ ಫುಲ್ಕಾ ಬಗ್ಗೆಯೂ ಹೇಳಲೇಬೇಕು. ಅದನ್ನು ಬಿಸಿಯಾಗಿಡುವ ಡಬ್ಬಿಯಲ್ಲಿ ಒಂದರ ಮೇಲೊಂದು ಪೇರಿಸಿದ್ದರು. ಕೆಳಗಿನವು ಬೆವತು ಒದ್ದೆ, ಮೇಲಿನವು ಚರ್ಮ. ಹರಿಯಲು ಎರಡೂ ಕೈ ಬೇಕಾಯಿತು. ಅಪ್ಪಾಜಿಗೆ ಫೋನಿನಲ್ಲಿ ಇಷ್ಟೇ ಹೇಳಿದೆ, "ಮೊಸರು ಛಲೋ ಇತ್ತು." ಅವರಿಗೆ ಅರ್ಥವಾಯಿತು.

ಎರಡನೆಯದು ಬೆಂಗಳೂರಿನದು. ಇದೂ ಕಾರ್ಡ್ ಲಾಂಜೇ. ಬೆಳಗ್ಗೆ ಆರೂವರೆಗೆ ಹೋಗಿದ್ದೆ. ಇಲ್ಲಿ ಪಾತ್ರೆಗಳು ಕಡಿಮೆ, ಆದರೆ ಒಂದು ಮೂಲೆಯಲ್ಲಿ ಕಾವಲಿ ಇಟ್ಟುಕೊಂಡು ಒಬ್ಬರು ದೋಸೆ ಹುಯ್ಯುತ್ತಿದ್ದರು. ನಾಲ್ಕು ಜನರ ಹಿಂದೆ ನಿಂತೆ. ಕೈಗೆ ಬಂದದ್ದು ಕಾವಲಿಯಿಂದ ನೇರ ತಟ್ಟೆಗೆ ಬಂದ ದೋಸೆ. ಸಾಂಬಾರಿನಲ್ಲಿ ಬೇಳೆ ಕರಗಿತ್ತು, ಆದರೆ ಹಿಟ್ಟಾಗಿರಲಿಲ್ಲ. ಸ್ವಲ್ಪ ಬೆಲ್ಲ ಜಾಸ್ತಿ. ಅದು ಆ ಕಡೆಯ ಪದ್ಧತಿ, ನಾನು ತಕರಾರು ಮಾಡುವುದಿಲ್ಲ. ಇಡ್ಲಿಯೂ ಚೆನ್ನಾಗಿತ್ತು. ಇಡ್ಲಿ ಹಬೆಯಲ್ಲೇ ಹುಟ್ಟಿದ್ದು, ಹಬೆಯಲ್ಲಿ ಕೂತರೂ ಬೇಗ ಕೆಡುವುದಿಲ್ಲ. ಉಪ್ಪಿಟ್ಟು ಮಾತ್ರ ಉಂಡೆ ಕಟ್ಟಿತ್ತು. ಕಾಫಿ ಸ್ಟೀಲ್ ಲೋಟದಲ್ಲಿ ಕೊಟ್ಟರು. ನಾನು ಚಹಾದವನು, ಆದರೂ ಎರಡು ಲೋಟ ಕುಡಿದೆ.

ಒಂದೇ ಕಾರ್ಡು, ಅದೇ ಎರಡು ರೂಪಾಯಿ. ಒಂದು ಕಡೆ ಹದಿನೈದು ಪಾತ್ರೆ ಇದ್ದೂ ಉಣ್ಣಲು ಏನೂ ಇಲ್ಲ. ಇನ್ನೊಂದು ಕಡೆ ಒಂದು ಕಾವಲಿ ಇಡೀ ಊಟವನ್ನು ಉಳಿಸಿತು. ಆ ದಿನದಿಂದ ನಾನು ಲಾಂಜಿಗೆ ಹೋದರೆ ಪಾತ್ರೆ ಎಣಿಸುವುದಿಲ್ಲ. ಎದುರಿಗೆ ನಿಂತು ಬೇಯಿಸುವವರು ಒಬ್ಬರಾದರೂ ಇದ್ದಾರಾ ಅಂತ ನೋಡುತ್ತೇನೆ.

ಮೂರನೆಯದು ಗಲ್ಫಿನ ಒಂದು ದೊಡ್ಡ ವಿಮಾನ ಸಂಸ್ಥೆಯ ಸ್ವಂತ ಲಾಂಜ್. ಇದು ಕಾರ್ಡಿನದಲ್ಲ. ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದವರಿಗೆ, ಇಲ್ಲವೇ ಆ ಸಂಸ್ಥೆಯಲ್ಲಿ ಬಹಳ ಹಾರಿದವರಿಗೆ ಮಾತ್ರ. ಲಾಂಜ್ ಅನ್ನೋದು ಹುಟ್ಟಿದ್ದೇ ಹೀಗೆ. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ನ್ಯೂಯಾರ್ಕಿನ ಲಗಾರ್ಡಿಯಾದಲ್ಲಿ ತನಗೆ ಬೇಕಾದ ಪ್ರಯಾಣಿಕರಿಗೆ ಅಂತ ಮೊದಲ ಕ್ಲಬ್ ತೆರೆಯಿತು. ನಮಗೆ ಆ ಸಲ ಟಿಕೆಟ್ ಮಾಡಿಸಿದವರು ಮಾಲು ಕಳಿಸುವ ಕಡೆಯವರು.

ಅಲ್ಲಿ ಏನಿಲ್ಲ ಅಂತ ಕೇಳಬೇಕು. ಹಮ್ಮಸ್, ಲಬ್ನೆ ಅನ್ನುವ ಗಟ್ಟಿ ಮೊಸರು, ಆಲಿವ್, ಬಿಸಿ ಬಿಸಿ ಅರಬ್ಬಿ ರೊಟ್ಟಿ, ಐದಾರು ತರಹದ ಹಣ್ಣು, ಖರ್ಜೂರ. ಹಮ್ಮಸ್ ಅಂದರೆ ಬೇಯಿಸಿ ಅರೆದ ಕಡಲೆ, ಎಳ್ಳಿನ ಪೇಸ್ಟು, ನಿಂಬೆಹುಳಿ. ಅದನ್ನು ತಿಂದಾಗ ಅವ್ವ ಮಾಡುವ ಎಳ್ಳಿನ ಹಿಂಡಿ, ಅಂದರೆ ಚಟ್ನಿಪುಡಿ, ನೆನಪಾಯಿತು. ಬಹಳ ರುಚಿ. ಫೂಲ್ ಅಂತ ಅವರೆಯಂಥ ಕಾಳಿನದು ಇನ್ನೊಂದಿತ್ತು. ಎಣ್ಣೆ, ನಿಂಬೆ, ಜೀರಿಗೆ ಹಾಕಿ ಮಾಡಿದ್ದು. ಅದನ್ನೂ ಎರಡು ಸಲ ಹಾಕಿಸಿಕೊಂಡೆ. ಕುರಿ ಮಾಂಸ ಬಾಯಲ್ಲಿ ಕರಗುತ್ತಿತ್ತು ಅಂತ ದೋಸ್ತನ ಮಾತು. ಬಿರಿಯಾನಿಗೆ ಮಾತ್ರ ಅವನು ತಲೆ ಅಲ್ಲಾಡಿಸಿದ. "ನಮ್ ತಹರಿ ಮುಂದ ಏನೂ ಅಲ್ಲ ಅಣ್ಣಾ." ತಹರಿ ಅಂದರೆ ನಮ್ಮ ಕಡೆಯ ಮಸಾಲೆ ಅನ್ನ.

ಆದರೆ ಭಾರತದ ಊಟ ಅಂತ ಬೋರ್ಡು ಹಾಕಿದ್ದ ಕಡೆ ನನಗೆ ಬೇಸರವಾಯಿತು. ಬೇಳೆ ಬಿಸಿಯಾಗಿತ್ತು, ನುಣ್ಣಗಿತ್ತು, ಬಣ್ಣ ಹಳದಿ. ಆದರೂ ಅದು ಎಲ್ಲಿಯ ಬೇಳೆಯೂ ಅಲ್ಲ. ಪಂಜಾಬಿನವರಿಗೂ ಅಲ್ಲ, ಗುಜರಾತಿನವರಿಗೂ ಅಲ್ಲ, ನಮಗಂತೂ ಅಲ್ಲ. ಖಾರವಿಲ್ಲ, ಹುಳಿಯಿಲ್ಲ. ಯಾರಿಗೂ ಬೇಡ ಅನಿಸಬಾರದು ಅಂತ ಮಾಡಿದ ಬೇಳೆ ಯಾರಿಗೂ ಬೇಕು ಅನಿಸುವುದಿಲ್ಲ. ಅದೇ ಅಡುಗೆಮನೆ ತನ್ನ ಊರಿನ ಕಡಲೆಯನ್ನು ಎಷ್ಟು ಪ್ರೀತಿಯಿಂದ ಅರೆದಿತ್ತು!

ಇನ್ನು ನಾಲ್ಕನೆಯದು, ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾದ್ದು. ಮುಂಬೈಯಿಂದ ಇಥಿಯೋಪಿಯನ್ ಏರ್‌ಲೈನ್ಸಿನಲ್ಲಿ ಹೋಗಿ, ಅಲ್ಲಿಂದ ಟಾಂಜಾನಿಯಾದ ದಾರ್ ಎಸ್ ಸಲಾಮಿಗೆ ವಿಮಾನ ಬದಲಿಸಬೇಕಿತ್ತು. ಅವರ ಲಾಂಜಿಗೆ ಕ್ಲೌಡ್ ನೈನ್ ಅಂತ ಹೆಸರು. ಒಳಗೆ ಹೋಗುತ್ತಿದ್ದಂತೆ ಹುರಿದ ಕಾಫಿಯ ವಾಸನೆ. ಒಬ್ಬ ಹೆಣ್ಣುಮಗಳು ಹಸಿ ಕಾಫಿ ಬೀಜ ಹುರಿದು, ಪುಡಿ ಮಾಡಿ, ಜೆಬೆನಾ ಅನ್ನುವ ಉದ್ದ ಕುತ್ತಿಗೆಯ ಮಣ್ಣಿನ ಪಾತ್ರೆಯಲ್ಲಿ ಕುದಿಸಿ, ಹಿಡಿಯಿಲ್ಲದ ಸಣ್ಣ ಬಟ್ಟಲಿಗೆ ಬಗ್ಗಿಸಿ ಕೊಡುತ್ತಿದ್ದಳು. ಅವರ ಮನೆಗಳಲ್ಲಿ ಬಂದವರಿಗೆ ಹೀಗೇ ಕೊಡುತ್ತಾರಂತೆ.

ನಾವು ಹೋದದ್ದು ಬುಧವಾರ. ಅದೊಂದು ಅದೃಷ್ಟ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಉಪವಾಸ ಅಂದರೆ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಕಾಳು, ಬೇಳೆ, ಸೊಪ್ಪಿನ ಅಡುಗೆ. ನನ್ನಂಥವನಿಗೆ ಇನ್ನೇನು ಬೇಕು, ಅಲ್ವಾ?

ಇಂಜೆರಾ ನೋಡಿದರೆ ಸೆಟ್ ದೋಸೆಯ ಅಣ್ಣನ ಹಾಗಿದೆ. ತೆಫ್ ಅನ್ನುವ ಸಾಸಿವೆಗಿಂತ ಸಣ್ಣ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ದೊಡ್ಡ ಹೆಂಚಿನ ಮೇಲೆ ಒಂದೇ ಕಡೆ ಬೇಯಿಸುತ್ತಾರೆ. ಅದರ ಮೇಲೆ ಮಿಸಿರ್ ವೊತ್, ಕೆಂಪು ಮಸಾಲೆಯ ಮಸೂರಿ. ಪಕ್ಕದಲ್ಲಿ ಕಿಕ್ ಅಲಿಚಾ, ಅರಿಶಿನ ಹಾಕಿದ ಹಳದಿ ಬಟಾಣಿ ಬೇಳೆ. ಕಣ್ಣಿಗೆ ನಮ್ಮ ಮನೆಯ ಬ್ಯಾಳಿಯೇ! ಇನ್ನೊಂದು ಶಿರೋ. ಕಡಲೆ ಹಿಟ್ಟನ್ನು ಮಸಾಲೆ ಹಾಕಿ ಕುದಿಸಿದ್ದು. ಮೊದಲ ತುತ್ತಿಗೇ ನಾನು ದೋಸ್ತನಿಗೆ ಹೇಳಿದೆ, "ಇದು ಪಿಟ್ಲಾ ಅದ ನೋಡು." ಅವನು ಒಂದು ತುತ್ತು ತಿಂದ. "ಹೌದಲ್ಲೋ ಅಣ್ಣಾ, ಪಿಟ್ಲಾನೇ." ಪಿಟ್ಲಾ ಅಂದರೆ ನಮ್ಮ ಮನೆಗಳಲ್ಲಿ ಮಾಡುವ ಕಡಲೆ ಹಿಟ್ಟಿನ ಅಡುಗೆ. ಊರಿಂದ ಸಾವಿರಾರು ಮೈಲಿ ದೂರ, ರಾತ್ರಿಯ ನಿದ್ದೆಗಣ್ಣು. ಆ ತುತ್ತಿನಿಂದ ಬಂದ ಸಮಾಧಾನ ಹೇಳಲು ನನಗೆ ಮಾತು ಸಾಲದು.

ಬೇಳೆಯ ತೀರ್ಪು ಕೊಡಲು ಕೂತರೆ ಆಡಿಸ್ ಮೊದಲು. ಅಲ್ಲಿ ತೊಗರಿ ಇರಲಿಲ್ಲ, ಆದರೂ ಬೇಳೆಗೆ ಮರ್ಯಾದೆ ಇತ್ತು. ಎರಡನೆಯ ಜಾಗ ಬೆಂಗಳೂರಿನ ದೋಸೆಗೆ. ಗಲ್ಫಿನದು ಮೂರನೆಯದು, ಅದೂ ಹಮ್ಮಸ್ ಮತ್ತು ಫೂಲ್ ದಯೆಯಿಂದ. ದೋಸ್ತನ ಪಟ್ಟಿ ಬೇರೆ. ಅವನಿಗೆ ಗಲ್ಫೇ ಮೊದಲು, ಕುರಿ ಮಾಂಸದಿಂದಾಗಿ. ಆ ಮೊದಲ ಕಾರ್ಡ್ ಲಾಂಜನ್ನು ಇಬ್ಬರೂ ಕೊನೆಗೇ ಇಟ್ಟಿದ್ದೇವೆ.

ಆಡಿಸ್ಸಿನಲ್ಲಿ ಇನ್ನೊಂದು ವಿಷಯ ಹೊಳೆಯಿತು. ಇಂಜೆರಾವನ್ನು ಬಿಸಿಯಾಗಿಡಬೇಕಾಗಿಲ್ಲ. ತಣ್ಣಗಿದ್ದರೂ ಅದು ಮೆತ್ತಗೇ ಇರುತ್ತದೆ. ಹಾಗಾದರೆ ನಮ್ಮ ಖಡಕ್ ರೊಟ್ಟಿ? ಜೋಳದ ರೊಟ್ಟಿಯನ್ನು ಬಡಿದು, ಬೇಯಿಸಿ, ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಡಬ್ಬಿ ಬೇಡ, ಹಬೆ ಬೇಡ, ಚರ್ಮವಾಗುವ ಮಾತೇ ಇಲ್ಲ. ಜತೆಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಫೆಗೆ ಅಂತಲೇ ಹೇಳಿ ಮಾಡಿಸಿದ ಊಟ ಇದು. ಹೈದರಾಬಾದು, ಬೆಂಗಳೂರು ಎರಡೂ ಕಡೆ ಜೋಳದ ರೊಟ್ಟಿ ಬಲ್ಲವರು ಲಕ್ಷಗಟ್ಟಲೆ ಇದ್ದಾರೆ. ನಮ್ಮ ಕಡೆ ಇದನ್ನು ಬಡಿದು ಮಾರಿಯೇ ಮನೆ ನಡೆಸುವ ಹೆಣ್ಣುಮಕ್ಕಳಿದ್ದಾರೆ. ಆದರೂ ಲಾಂಜುಗಳಲ್ಲಿ ಒದ್ದೆ ಫುಲ್ಕಾ ಇಡುತ್ತಾರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಘೋಷಿಸಿತ್ತು. ಆ ವರ್ಷ ಒಂದು ಲಾಂಜಿನಲ್ಲಿ ರಾಗಿ ಬಿಸ್ಕತ್ತು ಕಂಡೆ. ಜೋಳ ಎಲ್ಲೂ ಕಾಣಲಿಲ್ಲ. ನಮ್ಮ ತೊಗರಿ ಬೇಳೆಗೂ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಗುರುತು, ಸಿಕ್ಕಿದೆ. ಅದರ ಹೆಸರು ಬರೆದು ಒಂದು ಸಣ್ಣ ಪಾತ್ರೆ ಇಟ್ಟರೆ ಎಷ್ಟು ಜನ ನಿಂತು ಉಣ್ಣುತ್ತಾರೆ ಅಂತ ನನಗೆ ಗೊತ್ತು.

ಕಾರ್ಡ್ ಲಾಂಜಿಗೆ ಹೋಗುವವರಿಗೆ ನನ್ನ ಅನುಭವದ ಮಾತು ಇಷ್ಟು. ಹೊತ್ತು ಕಳೆದಷ್ಟೂ ಕೆಡದ ಅಡುಗೆ ಹಾಕಿಸಿಕೊಳ್ಳಿ. ರಾಜ್ಮಾ, ಛೋಲೆ, ದಾಲ್ ಮಖನಿ, ಇಡ್ಲಿ, ಮೊಸರು. ನೂಡಲ್ಸ್, ಅವಲಕ್ಕಿ, ಪೂರಿ ಬೇಡ. ಹೊಸ ಪಾತ್ರೆ ತರುವುದು ಕಂಡರೆ ಐದು ನಿಮಿಷ ಕಾದು ಅದರಿಂದಲೇ ಹಾಕಿಸಿಕೊಳ್ಳಿ. ವಿಮಾನದೊಳಗೆ ಉಂಡರಾಯಿತು ಅಂತ ಹಸಿದು ಕೂರಬೇಡಿ. ಮೇಲೆ ಗಾಳಿ ಒಣಗಿರುತ್ತದೆ, ಒತ್ತಡವೂ ಕಡಿಮೆ. ಮೂಗು ಸರಿಯಾಗಿ ಕೆಲಸ ಮಾಡುವುದಿಲ್ಲ, ಉಪ್ಪು ಸಿಹಿ ಎರಡೂ ಸಪ್ಪೆ ಅನಿಸುತ್ತವೆ. ನೆಲದ ಮೇಲಿರುವಾಗ ಉಂಡರೆ ನಾಲಿಗೆಗೆ ಪೂರ್ತಿ ರುಚಿ ಸಿಗುತ್ತದೆ.

ನಾನೀಗ ಮನೆಯಿಂದ ಹೊರಡುವಾಗ ಎಂಟು ಖಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಹಿಂಡಿ ದೊಡ್ಡ ಬ್ಯಾಗಿಗೆ ಹೋಗುತ್ತದೆ, ಖಾರದ ಪುಡಿ ಅಂತ ತಪಾಸಣೆಯಲ್ಲಿ ತಡೆದಾರು ಅಂತ. ಹೊರದೇಶದ ಪ್ರಯಾಣದಲ್ಲಿ 100 ಮಿಲಿಲೀಟರಿಗಿಂತ ಜಾಸ್ತಿ ದ್ರವ ಬಿಡುವುದಿಲ್ಲ, ಹಾಗಾಗಿ ಮೊಸರು ಒಯ್ಯುವಂತಿಲ್ಲ. ಮೊಸರು ಲಾಂಜಿನದು, ರೊಟ್ಟಿ ನಮ್ಮದು.

ಬರುವ ಆಗಸ್ಟಿಗೆ ಮತ್ತೆ ಹೊರಡಬೇಕು. ಆ ಕಡೆ ಹೊಸ ತೊಗರಿ ಮಾರುಕಟ್ಟೆಗೆ ಬರುವ ಕಾಲ. ಟಿಕೆಟ್ ಮಾಡಿಸುವ ಹುಡುಗನಿಗೆ ಈಗಲೇ ಹೇಳಿಟ್ಟಿದ್ದೇನೆ. ಆಡಿಸ್ ಮೇಲಿಂದಲೇ ಇರಲಿ, ಬುಧವಾರ ಅಲ್ಲಿ ಇಳಿಯುವ ಹಾಗೆ ನೋಡು. ಬುಧವಾರ ಸಿಗದಿದ್ದರೆ ಶುಕ್ರವಾರ.