ಕಿಯಾಯ್ ಅಥವಾ ಇಬುಕಿ: ಕರಾಟೆ ಸೇರುವ ಮೊದಲು ಉಸಿರನ್ನೂ ನೋಡಿ

ಕರಾಟೆ ಸೇರುವವರು ಒದೆತ, ಹೊಡೆತ ನೋಡಿ ಶೈಲಿ ಆರಿಸುತ್ತಾರೆ. ಉಸಿರಾಟದ ಪದ್ಧತಿಯನ್ನೂ ನೋಡಿ ಎನ್ನುತ್ತೇನೆ ನಾನು.

ಶೋಟೊಕಾನ್ ಶೈಲಿಯಲ್ಲಿ ಉಸಿರು ಚಲನೆಯ ಜತೆ ಸಹಜವಾಗಿ ಸಾಗಿ, ಹೊಡೆತ ತಾಗುವ ಗಳಿಗೆಗೆ ಚುರುಕಾಗಿ ಹೊರಬೀಳುತ್ತದೆ. ಕಿಯಾಯ್, ಅಂದರೆ ಕೂಗು, ಹೆಯಾನ್ ಎಂಬ ಆರಂಭದ ಕಟಾಗಳಲ್ಲಿ (ಕಟಾ ಅಂದರೆ ಗೊತ್ತುಪಡಿಸಿದ ಚಲನೆಗಳ ಸರಣಿ) ಸಾಮಾನ್ಯವಾಗಿ ಎರಡೇ ಕಡೆ. ಅದು ಕಿಬ್ಬೊಟ್ಟೆಯಿಂದ ಬರಬೇಕು. ಗಂಟಲಿನಿಂದ ಕಿರುಚಿದರೆ ದನಿ ಒಡೆಯುತ್ತದೆ. ಸಂಕೋಚದ ಮಕ್ಕಳಿಗೆ ನಾನು ಇದನ್ನೇ ಹೇಳುವುದು.

ಓಕಿನಾವಾದ ಮಿಯಾಗಿ ಚೋಜುನ್ ರೂಪಿಸಿದ ಗೋಜು-ರ್ಯು ಶೈಲಿಯ ಹಾದಿ ಬೇರೆ. ಅಲ್ಲಿ ಸಾಂಚಿನ್ ಕಟಾವೇ ಬುನಾದಿ. ಮೂಗಿನಿಂದ ಎಳೆದ ಉಸಿರನ್ನು ಬಾಯಿಯಿಂದ ನಿಧಾನವಾಗಿ, ಪಕ್ಕದವರಿಗೆ ಕೇಳುವಷ್ಟು ಸದ್ದಿನಲ್ಲಿ ಬಿಡಬೇಕು. ಕೊನೆಯಲ್ಲಿ ಉಳಿದ ಗಾಳಿಯನ್ನೂ ಒಮ್ಮೆ ಚಿಕ್ಕದಾಗಿ ಒತ್ತಿ ಹೊರಹಾಕಬೇಕು. ಇದೇ ಇಬುಕಿ. ಅಷ್ಟು ಹೊತ್ತೂ ಕಾಲ್ಬೆರಳು ನೆಲ ಕಚ್ಚಿರುತ್ತವೆ, ತೊಡೆ, ಹೊಟ್ಟೆ, ಬೆನ್ನು ಬಿಗಿದಿರುತ್ತವೆ. ಗುರುಗಳು ಹೆಗಲು, ತೊಡೆ ತಟ್ಟಿ ಬಿಗಿ ಪರೀಕ್ಷಿಸುತ್ತಾರೆ. ಕೆಲವೇ ಹೆಜ್ಜೆಗಳ ಕಟಾ, ಆದರೂ ಬೆವರು ಇಳಿಯುತ್ತದೆ. ನಿಲುವು ಗಟ್ಟಿಯಾಗಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ರಕ್ತದೊತ್ತಡ ಇರುವವರು ಮಾತ್ರ ವೈದ್ಯರನ್ನು ಕೇಳದೆ ಸಾಂಚಿನ್‌ಗೆ ಇಳಿಯಬೇಡಿ: ಮೈ ಬಿಗಿದು ಉಸಿರು ಕಟ್ಟಿದರೆ ಒತ್ತಡ ತಟ್ಟನೆ ಏರುತ್ತದೆ. ಮಿಯಾಗಿಯವರದೇ ಟೆನ್ಶೋ ಕಟಾ ಇದೆ, ತೆರೆದ ಅಂಗೈಯ ಮೃದು ಚಲನೆ. ಆದರೆ ಅದರಲ್ಲೂ ಬಿಗಿ ಇದೆ, ಮರೆಯಬೇಡಿ.

ವೇಗ, ಸ್ಪರ್ಧೆ ಬೇಕೆಂದರೆ ಶೋಟೊಕಾನ್. ನಿಧಾನವಾಗಿ ಒಳಗಿನಿಂದ ಕಟ್ಟಿಕೊಳ್ಳುವ ತಾಳ್ಮೆಯಿದ್ದರೆ ಗೋಜು-ರ್ಯು.